ನಿಮಿಷಕ್ಕೆ ಇಪ್ಪತ್ತೆರಡು ಸುತ್ತು

ಹಾರ್ಲನ್,

ನೀನು ತೀರಿಹೋಗಿ ಎರಡು ವರ್ಷವಾಯಿತು. ಕೊಟ್ಟಿಗೆಯ ಮೂಲೆಯಲ್ಲಿ ನೀನು ಟಾರ್ಪಾಲು ಹೊದಿಸಿಟ್ಟಿದ್ದ ರಾಶಿಯನ್ನು ಗುಜರಿಗೆ ಹಾಕಲೆಂದು ಇವತ್ತು ಬಿಚ್ಚಿಸಿದೆ.

ಒಳಗಿದ್ದದ್ದು ಯಂತ್ರ. ಬಟ್ಟೆ ಒಣಗಿಸುವ ಡ್ರೈಯರಿನ ಮೋಟಾರು, ಸೈಕಲ್ ಚೈನು, ನನ್ನ ತಾಯಿಯ ವಾಷಿಂಗ್ ಮೆಷಿನ್ನಿನ ದೊಡ್ಡ ಚಕ್ರ. ಆ ಚಕ್ರವನ್ನು ನೀನು ಮಾರಿಕೊಂಡೆ ಎಂದು ನಾನು ಊರಿಗೆಲ್ಲ ಹೇಳಿದ್ದೆ.

ನಮ್ಮ ಮಗಳು ಲೊರೇನ್ ಪ್ಲಗ್ ಹಾಕಿದಳು. ಮೋಟಾರು ಭರ್ರೆಂದಿತು. ಆದರೆ ಚಕ್ರದಿಂದ ಚಕ್ರಕ್ಕೆ ವೇಗ ಇಳಿದು, ತುದಿಯಲ್ಲಿದ್ದ ಮರದ ಹುಟ್ಟು ನಿಧಾನವಾಗಿ ತಿರುಗತೊಡಗಿತು. ಸೇಬಿನ ಪಾಕ ಕಲಕುವ ಹುಟ್ಟು.

"ಅಮ್ಮಾ, ಥೇಟ್ ನಿನ್ನ ಕೈನೇ!"

"ಬಾಯ್ಮುಚ್ಚು. ನಮ್ಮನೇಲಿ ಪಾಕ ಕೈಯಲ್ಲೇ ಕಲಕೋದು," ಎಂದೆ.

ಆಗ ಹಲಗೆಯ ಮೇಲೆ ನಿನ್ನ ಪೆನ್ಸಿಲ್ ಬರಹ ಕಂಡಿತು: 'ಆರ್ಲೀನ್ ಕೈ, ನಿಮಿಷಕ್ಕೆ ಇಪ್ಪತ್ತೆರಡು ಸುತ್ತು.'

ಮಗುಚಿದ ಬಕೆಟ್ಟಿನ ಮೇಲೆ ಕೂತೆ. ನಿನ್ನ ಕೊನೆಯ ಅಕ್ಟೋಬರಿನಲ್ಲಿ ನಾನು ಬೆಳಗಿನಿಂದ ಕೊಪ್ಪರಿಗೆಯಲ್ಲಿ ಪಾಕ ಕಲಕುತ್ತಿದ್ದಾಗ ನೀನು ಗಡಿಯಾರ ನೋಡುತ್ತ ಮೆಟ್ಟಿಲ ಮೇಲೆ ಕೂತಿದ್ದೆ. "ನೋಡ್ರೇ, ನಮ್ಮ ಸೋಮಾರಿ ಊಟದ ಹೊತ್ತು ಎಣಿಸ್ತಿದಾನೆ!" ಎಂದು ಚರ್ಚಿನ ಹೆಂಗಸರನ್ನೆಲ್ಲ ನಗಿಸಿದ್ದೆ. ನೀನೂ ನಕ್ಕಿದ್ದೆ.

ಗುಜರಿಯವನನ್ನು ವಾಪಸು ಕಳಿಸಿದೆ. ಸಂಜೆಯಾಯಿತು, ಹುಟ್ಟು ಬರಿಗಾಳಿಯಲ್ಲಿ ಇನ್ನೂ ತಿರುಗುತ್ತಿದೆ. ನಿಲ್ಲಿಸು ಎಂದು ಲೊರೇನ್‌ಗೆ ಹೇಳಲು ನನಗೆ ಬಾಯಿ ಬರುತ್ತಿಲ್ಲ.

ಆರ್ಲೀನ್