ಹಂಗಾಮಿ ಕೋಚ್‌ಗೆ ನಾವು ಹೊದಿಸಿದ ಶಾಲಿನ ಕುರಿತು

ವಿಶ್ವವಿದ್ಯಾಲಯದ ಕ್ರೀಡಾ ನಿರ್ದೇಶಕರ ಕುರ್ಚಿಯಲ್ಲಿ ಕುಳಿತಿರುವ ಮಾನ್ಯರೇ,

ಆ ಬಿನ್ನವತ್ತಳೆ ಬರೆದವಳು ನಾನು. ನಿಮ್ಮ ಹಂಗಾಮಿ ಅಮೆರಿಕನ್ ಫುಟ್‌ಬಾಲ್ ಕೋಚ್ ಡೇನಿಯಲ್ ಅವರಲ್ಲ, ಅವರ ಹೆಂಡತಿಯಲ್ಲ, ಅವರ ಪರವಾಗಿ ‘ಪ್ರಚಾರ’ ನಡೆಸುತ್ತಿದೆ ಎಂದು ನೀವು ಅನುಮಾನಿಸಿರುವ ಯಾವ ಗುಪ್ತ ಗುಂಪೂ ಅಲ್ಲ. ನ್ಯೂ ಜೆರ್ಸಿಯ ಸಮರ್‌ಸೆಟ್‌ನ ಒಂದು ಟೌನ್‌ಹೌಸಿನಲ್ಲಿ ಎಂಟು ತಿಂಗಳ ಮಗಳು ಧೃತಿಗೆ ಹಲ್ಲು ಬರುವುದನ್ನು ಕಾಯುತ್ತ, ಮೂರು ಗಂಟೆ ಒಟ್ಟಿಗೆ ನಿದ್ದೆ ಮಾಡಿ ಎಷ್ಟು ದಿನವಾಯಿತೆಂಬುದನ್ನೂ ಮರೆತಿರುವ ನಾನು, ಸಾನ್ವಿ. ಬರುವ ಶುಕ್ರವಾರ ನೀವು ಡೇನಿಯಲ್ ಅವರನ್ನು ಖಾಯಂ ಹುದ್ದೆಗೆ ಸಂದರ್ಶಿಸಲಿದ್ದೀರಿ. ಅಷ್ಟರೊಳಗೆ ಒಂದು ಕಾಗದದ ತಪ್ಪನ್ನು ಅವರ ತಲೆಯಿಂದ ಇಳಿಸಿ ನನ್ನ ತಲೆಗೆ ಹಾಕಿಕೊಳ್ಳಬೇಕಾಗಿದೆ.

ಇದನ್ನು ಇಂಗ್ಲಿಷಿನಲ್ಲಿ ಬರೆಯಬಹುದಿತ್ತಲ್ಲ ಎನ್ನುತ್ತೀರಿ. ನಮ್ಮ ಕನ್ನಡ ಸಂಘದ ಬಿನ್ನವತ್ತಳೆಯನ್ನು ಯಂತ್ರಕ್ಕೆ ಉಣಿಸಿ, ಸಾಲು ಸಾಲಾಗಿ ಅನುವಾದ ಮಾಡಿಸಿಕೊಂಡು ಓದಿದ ಕಚೇರಿ ನಿಮ್ಮದು. ಅನುವಾದ ತಪ್ಪಾಗಿದೆ ಎಂದು ವಾದಿಸಲು ನನಗೆ ಬಹಳ ಆಸೆಯಿತ್ತು; ತರಿಸಿಕೊಂಡು ನೋಡಿದರೆ ಸರಿಯಾಗಿಯೇ ಇತ್ತು. ಅಷ್ಟು ಶ್ರಮಪಟ್ಟವರಿಗೆ ಇನ್ನೆರಡು ಪುಟ ಭಾರವಾಗಲಾರದು. ಅಲ್ಲದೆ ಇದು ಸಂಘದ ಪತ್ರಿಕೆಯಲ್ಲಿ ಅಚ್ಚಾಗಿ ನಮ್ಮವರೂ ಓದಬೇಕು, ಅವರಿಗೂ ಹೇಳುವುದಿದೆ. ಪಕ್ಕದೂರು ಪಿಸ್ಕಾಟವೇಯ ದೊಡ್ಡ ವಿಶ್ವವಿದ್ಯಾಲಯದವರು ಗಾಬರಿಯಾಗಬೇಡಿ, ಇದು ನಿಮಗಲ್ಲ. ನಿಮ್ಮ ಪಕ್ಕದಲ್ಲೇ ಇದ್ದು ಯಾರ ಕಣ್ಣಿಗೂ ಬೀಳದ, ನಾನು ಓದಿದ ಆ ಚಿಕ್ಕ ವಿಶ್ವವಿದ್ಯಾಲಯಕ್ಕೆ.

ಬಿನ್ನವತ್ತಳೆ ಎಂದರೇನೆಂದು ಮಾತ್ರ ಯಂತ್ರ ನಿಮಗೆ ತಿಳಿಸಿರಲಾರದು. ಕನ್ನಡಿಗರಿಗೆ ಯಾರ ಮೇಲಾದರೂ ಪ್ರೀತಿ ಉಕ್ಕಿದರೆ ಅವರನ್ನು ವೇದಿಕೆಗೆ ಕರೆದು ಕುರ್ಚಿಯಲ್ಲಿ ಕೂರಿಸುತ್ತೇವೆ. ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಆಮೇಲೆ ಚೌಕಟ್ಟು ಹಾಕಿಸಿದ ಒಂದು ಪುಟದ ಹೊಗಳಿಕೆಯನ್ನು ಮೈಕಿನಲ್ಲಿ ಓದುತ್ತೇವೆ. ಅದರಲ್ಲಿ ಇರುವುದೆಲ್ಲ ನಿಜವಾಗಿರಬೇಕೆಂದು ಯಾರೂ ನಿರೀಕ್ಷಿಸುವುದಿಲ್ಲ. ಎಡಿಸನ್ ಊರಿನ ಒಬ್ಬ ಹಲ್ಲಿನ ಡಾಕ್ಟರು ನಮ್ಮಲ್ಲಿ ‘ಲಕ್ಷ ನಗೆಗಳ ಶಿಲ್ಪಿ’ ಆಗಿದ್ದಾರೆ. ಮೂರು ಗಂಟೆ ಪಾರ್ಕಿಂಗ್ ಲಾಟ್ ನೋಡಿಕೊಂಡವರು ‘ದಕ್ಷ ಆಡಳಿತಗಾರ’ ಆಗಿದ್ದಾರೆ. ಅದನ್ನು ನೇಮಕಾತಿ ಆದೇಶದಂತೆ ಓದಿದವರು ಇಷ್ಟು ವರ್ಷಗಳಲ್ಲಿ ನೀವೊಬ್ಬರೇ.

ನಡೆದದ್ದಿಷ್ಟು. ಅಕ್ಟೋಬರ್‌ನಲ್ಲಿ, ಆಡಿದ ಆರರಲ್ಲಿ ಐದು ಪಂದ್ಯ ಸೋತಿದ್ದ ಹಳೆಯ ಕೋಚನ್ನು ನೀವು ಮನೆಗೆ ಕಳಿಸಿದಿರಿ. ಹನ್ನೆರಡು ವರ್ಷಗಳಿಂದ ಸಹಾಯಕರಾಗಿದ್ದ ಡೇನಿಯಲ್‌ಗೆ ‘ಹಂಗಾಮಿ’ ಎಂದು ತಂಡ ವಹಿಸಿದಿರಿ. ಅದೇ ಹುಡುಗರು, ಅದೇ ಮೈದಾನ. ಉಳಿದ ಆರರಲ್ಲಿ ನಾಲ್ಕು ಗೆದ್ದರು. ನಿಮ್ಮ ಸ್ಟೇಡಿಯಮ್ಮಿನ ತುದಿಯ ಎಂಡ್‌ಝೋನ್ ಹಿಂದೆ ಕೆಂಪು-ಹಳದಿ ಬಾವುಟ ಹಿಡಿದು ಕೂಗುವ ಇಪ್ಪತ್ತು ಮನೆಯವರು ನಾವೇ. ಸಂಘದ ಅಧ್ಯಕ್ಷ ದಿವಾಕರ ಅಂಕಲ್‌ಗೆ ನವೆಂಬರ್ ಕೊನೆಗಿಟ್ಟುಕೊಂಡಿದ್ದ ನಮ್ಮ ರಾಜ್ಯೋತ್ಸವಕ್ಕೆ ಅವರನ್ನೇ ಕರೆಯಬೇಕೆನಿಸಿತು. ಫೋನ್ ನನಗೆ ಬಂತು.

“ಸಾನ್ವಿ, ಬಿನ್ನವತ್ತಳೆ ನೀನೇ ಬರೀಬೇಕಮ್ಮ. ನಿಂಗೆ ಆತ ಪರಿಚಯ ಬೇರೆ.”

“ಅಂಕಲ್, ಧೃತಿ ಕೆಳಗೇ ಇಳೀತಿಲ್ಲ. ಒಂದ್ ಕೈಲಿ ಟೈಪ್ ಮಾಡ್ಬೇಕು.”

“ಒಂದ್ ಪೇಜ್ ಅಷ್ಟೇ. ಹೋದ್ ವರ್ಷದ್ದು ಕಳಿಸ್ತೀನಿ, ಹೆಸ್ರು ಬದಲಾಯ್ಸು.”

ಹೋದ ವರ್ಷದ್ದು, ಆಸ್ಪತ್ರೆಯೊಂದರಲ್ಲಿ ವಿಭಾಗದ ಮುಖ್ಯಸ್ಥೆಯಾದ ಡಾಕ್ಟರೊಬ್ಬರಿಗೆ ಬರೆದದ್ದು. ನಮ್ಮ ಬಿನ್ನವತ್ತಳೆಗಳೆಲ್ಲ ಹೀಗೆ ಒಂದರ ಹೊಟ್ಟೆಯಿಂದ ಇನ್ನೊಂದು ಹುಟ್ಟಿದವು. ನಾನು ಎಡಗೈಯಲ್ಲಿ ಮಗುವನ್ನು ತಟ್ಟುತ್ತ ಬಲಗೈಯಲ್ಲಿ ಹೆಸರು ತಿದ್ದಿದೆ, ಸ್ಟೆತೊಸ್ಕೋಪಿನ ಉಪಮೆ ತೆಗೆದೆ, ‘ಹಂಗಾಮಿ ಮುಖ್ಯ ತರಬೇತುದಾರ’ ಎಂದು ಪ್ರಾಮಾಣಿಕವಾಗಿಯೇ ಹಾಕಿದೆ. ಕರಡು ನೋಡಿದ ಅಂಕಲ್ ಮತ್ತೆ ಫೋನ್ ಮಾಡಿದರು.

“ಏನಮ್ಮಾ ಇದು, ಹಂಗಾಮಿ? ಶಾಲು ಹೊದಿಸಿ ಯಾರಾದ್ರೂ ಹಂಗಾಮಿ ಅಂತ ಓದ್ತಾರಾ? ಲಗ್ನಪತ್ರಿಕೇಲಿ ‘ಹಂಗಾಮಿ ವರ’ ಅಂತ ಹಾಕಿಸ್ದಂಗಿರುತ್ತೆ!”

ತೆಗೆದೆ. ಅಂಕಲ್ ತೆಗೆಸಿದ್ದು ಒಂದು ಪದ; ನಾನು ತೆಗೆಯದೆ ಬಿಟ್ಟದ್ದು ಡಾಕ್ಟರಮ್ಮನ ಒಂದು ಇಡೀ ಸಾಲು: ‘ಈ ಉನ್ನತ ಹುದ್ದೆಯನ್ನು ಖಾಯಂ ಆಗಿ ಅಲಂಕರಿಸಿದ ಶುಭ ಸಂದರ್ಭದಲ್ಲಿ.’ ಅಂಕಲ್ ತಪ್ಪು ಸಂಪ್ರದಾಯದ್ದು, ಕ್ಷಮಿಸಬಹುದು. ನನ್ನ ತಪ್ಪು ಕಣ್ಣು ಮುಚ್ಚಿಹೋದವಳದು. ಆ ಭಾನುವಾರ ವೇದಿಕೆಯ ಮೇಲೆ ಪೇಟ ತೊಟ್ಟು ಕುಳಿತ ಡೇನಿಯಲ್ ಪಕ್ಕದಲ್ಲಿದ್ದ ನನ್ನತ್ತ ಬಾಗಿ, “ಅದರಲ್ಲಿ ಏನು ಬರೆದಿದ್ದೀಯ?” ಎಂದು ಪಿಸುಮಾತಿನಲ್ಲಿ ಕೇಳಿದರು. “ಒಳ್ಳೆಯ ಮಾತುಗಳು, ಅಷ್ಟೇ” ಎಂದೆ. ಅವರು ನಂಬಿ, ಚೌಕಟ್ಟನ್ನು ಎದೆಗೆ ಹಿಡಿದು ಫೋಟೋಗೆ ನಕ್ಕರು.

ಆ ಫೋಟೋ ಅಭಿಮಾನಿಗಳ ಜಾಲತಾಣಕ್ಕೆ ಹೋಗಲು ಒಂದು ದಿನವೂ ಬೇಕಾಗಲಿಲ್ಲ. ‘ಕೆಲಸ ಇನ್ನೂ ಸಿಕ್ಕಿಲ್ಲ, ಕಿರೀಟ ಆಗಲೇ ಬಂತು’ ಎಂದರು ಒಬ್ಬರು. ‘ಈಗ ವೈವಿಧ್ಯದ ಹೆಸರಲ್ಲಿ ಈ ಕಪ್ಪು ಮನುಷ್ಯನನ್ನೇ ತಲೆಗೆ ಕಟ್ಟುತ್ತಾರೆ ನೋಡಿ’ ಎಂದರು ಇನ್ನೊಬ್ಬರು. ಮೂರನೆಯವರು ಚೌಕಟ್ಟಿನ ಬರಹವನ್ನು ಅನುವಾದ ಮಾಡಿಸಿ ಹಾಕಿದರು. ಬುಧವಾರ ನಿಮ್ಮ ಹೇಳಿಕೆ ಹೊರಬಿತ್ತು: ‘ಹುದ್ದೆ ಇನ್ನೂ ಖಾಲಿ ಇದೆ. ಅಭ್ಯರ್ಥಿಗಳಿಂದ ಸಂಯಮವನ್ನು ನಿರೀಕ್ಷಿಸುತ್ತೇವೆ.’

ಸಂಯಮ! ಎಂಥ ಒಳ್ಳೆಯ ಪದ ಆರಿಸಿದಿರಿ, ಮಾನ್ಯರೇ. ದಕ್ಷಿಣದ ಇನ್ನೊಂದು ವಿಶ್ವವಿದ್ಯಾಲಯದಿಂದ ಬರಲಿರುವ ನಿಮ್ಮ ಮೆಚ್ಚಿನ ಅಭ್ಯರ್ಥಿಯ ಏಜೆಂಟು ವಾರಕ್ಕೆರಡು ಸಲ ಪತ್ರಕರ್ತರಿಗೆ ಫೋನ್ ಮಾಡಿ ‘ನಮ್ಮವರಿಗೆ ನ್ಯೂ ಜೆರ್ಸಿ ಬಹಳ ಇಷ್ಟ’ ಎನ್ನುತ್ತಿದ್ದಾರಂತೆ. ಅದು ಉತ್ಸಾಹ. ಬಾಡಿಗೆ ಸಭಾಂಗಣದಲ್ಲಿ ಕನ್ನಡದ ಅಜ್ಜಿಯರು ಹೊದಿಸಿದ ಶಾಲನ್ನು ಬೇಡವೆನ್ನದಿದ್ದರೆ ಅದು ಸಂಯಮದ ಕೊರತೆ. ಆ ಮಹನೀಯರಿಗೆ ವಿಮಾನದ ಟಿಕೆಟ್, ಇಡೀ ದಿನ ಕ್ಯಾಂಪಸ್ ಪ್ರವಾಸ, ವಿಶ್ವವಿದ್ಯಾಲಯದ ಅಧ್ಯಕ್ಷರ ಮನೆಯಲ್ಲಿ ಊಟ. ಡೇನಿಯಲ್‌ಗೆ ಶುಕ್ರವಾರ ನಲವತ್ತು ನಿಮಿಷದ ವಿಡಿಯೋ ಕಾಲ್. ನಿಮ್ಮದೇ ವಿದ್ಯಾರ್ಥಿ ಪತ್ರಿಕೆಯಲ್ಲಿ ಇದನ್ನು ಓದಿ ನಾನು ಎರಡು ಸಲ ಕಣ್ಣುಜ್ಜಿಕೊಂಡೆ. ಡೇನಿಯಲ್ ಅವರ ಕೊಠಡಿ ಇರುವುದು ನಿಮ್ಮ ಕೊಠಡಿಯ ಎರಡು ಮಹಡಿ ಕೆಳಗೆ. ಮೆಟ್ಟಿಲು ಕೆಟ್ಟಿದೆಯೇ, ಮಾನ್ಯರೇ? ಲಿಫ್ಟ್ ಕೆಟ್ಟಿದೆಯೇ? ಅಥವಾ ಕೇಳಬೇಕಾದ್ದೇನೂ ಇಲ್ಲ, ಪಟ್ಟಿಯಲ್ಲೊಂದು ಕಪ್ಪು ಮುಖವಿತ್ತೆಂದು ತೋರಿಸಿದರೆ ಸಾಕು ಎಂದೇ?

ಈ ಪ್ರಶ್ನೆ ನಮ್ಮ ಮನೆಯಲ್ಲೂ ಎದ್ದಿತು. ನನ್ನ ಗಂಡ ಸಮರ್ಥ್ ಮೈಸೂರಿನವನು, ಎಲ್ಲವನ್ನೂ ರ‍್ಯಾಂಕಿನಲ್ಲಿ ಅಳೆಯುವ ಎಂಜಿನಿಯರು. ಅವನ ಸ್ನೇಹಿತ ಕರೀಂ ಬೆಂಗಳೂರಿನವರು. ಇಬ್ಬರಿಗೂ ನಿಮ್ಮ ಸ್ಟೇಡಿಯಮ್ಮಿನಲ್ಲಿ ಅಕ್ಕಪಕ್ಕದ ಸೀಟು. ಹೋದ ಭಾನುವಾರ ಮಧ್ಯಾಹ್ನ ನಮ್ಮ ಸೋಫಾ ಮೇಲೆ ನಡೆದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

“ಬಣ್ಣ ನೋಡಿ ಕೋಚ್ ತಗೋಬಾರ್ದು ಕಣೋ. ಮೆರಿಟ್ ನೋಡ್ಬೇಕು,” ಎಂದ ಸಮರ್ಥ್.

“ಹೌದಪ್ಪ. ಇಲ್ಲೀತನಕ ಎಷ್ಟ್ ಜನ ಕೋಚ್ ಆಗಿದಾರೆ?”

“ಏಳೋ ಎಂಟೋ.”

“ಏಳು. ಏಳೂ ಜನಾನೂ ಬಿಳಿಯವ್ರೇ. ಟೀಮಲ್ಲಿ ಅರ್ಧಕ್ಕಿಂತ ಜಾಸ್ತಿ ಬ್ಲ್ಯಾಕ್ ಹುಡುಗ್ರು. ಆಗೆಲ್ಲ ಯಾರೂ ಬಣ್ಣ ನೋಡ್ಲಿಲ್ಲ, ಈಗ ಮಾತ್ರ ನೋಡ್ತಿದಾರೆ ಅಂತೀಯಾ?”

“ಹಾಗಲ್ಲ ಕರೀಂ, ರಿಸಲ್ಟ್ ಅಂತ ಒಂದಿರುತ್ತಲ್ಲ...”

“ಆರಕ್ಕೆ ನಾಲ್ಕು ಗೆದ್ದೋರು ಯಾರು ಗುರು? ನಿಮ್ಮ ಮೆರಿಟ್ಟಾ, ನಮ್ಮ ಡೇನಿಯಲ್ಲಾ?”

ಸಮರ್ಥ್ ಚಕ್ಕುಲಿ ಡಬ್ಬಿಯನ್ನು ಕರೀಂ ಕಡೆ ತಳ್ಳಿದ.

ನಿಮ್ಮನ್ನು ಮಾತ್ರ ಛೇಡಿಸಿದರೆ ನ್ಯಾಯವಲ್ಲ. ನಮ್ಮ ಸಂಘದಲ್ಲಿ ಧಾರವಾಡದ ಕಡೆಯ ಅಡಿವೆಪ್ಪ ಅಂಕಲ್ ಇದ್ದಾರೆ. ಹಾಲ್ ಬುಕ್ ಮಾಡುವುದು ಅವರು, ಕುರ್ಚಿ ಜೋಡಿಸುವುದು ಅವರು, ನಾಟಕಕ್ಕೆ ಪರದೆ ಎಳೆಯುವುದೂ ಅವರೇ. ಒಂಬತ್ತು ವರ್ಷಗಳಿಂದ ಅವರು ಉಪಾಧ್ಯಕ್ಷರು. ಅಧ್ಯಕ್ಷ ಸ್ಥಾನ ಮಾತ್ರ ಬೆಂಗಳೂರು-ಮೈಸೂರಿನ ನಡುವಿನ ಹೆದ್ದಾರಿ ಬಿಟ್ಟು ಆಚೆ ಹೋದದ್ದಿಲ್ಲ. ನಿಮ್ಮ ಹೇಳಿಕೆ ಓದಿ ಹೇಳಿದಾಗ ಅಡಿವೆಪ್ಪ ಅಂಕಲ್ ನಕ್ಕುಬಿಟ್ಟರು. “ನನಗೂ ವರ್ಷಾ ಒಂದ್ ಶಾಲು ಹೊಚ್ಚಿ ಬಾಜೂಕ್ ಕುಂದರಿಸ್ತಾರ ನೋಡವಾ. ಶಾಲಿನ ಕಪಾಟ ತುಂಬೇತಿ, ಖುರ್ಚಿ ಮಾತ್ರ ಸರದಿಲ್ಲ!” ದಿವಾಕರ ಅಂಕಲ್ ಆಗ ಬಹಳ ಹೊತ್ತು ತಮ್ಮ ಕನ್ನಡಕ ಒರೆಸುತ್ತಿದ್ದರು. ಇದನ್ನು ಪತ್ರಿಕೆಯಲ್ಲಿ ಹಾಕುವುದು ಬಿಡುವುದು ಅವರಿಗೆ ಬಿಟ್ಟದ್ದು. ಹಾಕದಿದ್ದರೆ ನಿಮಗೂ ಅವರಿಗೂ ವ್ಯತ್ಯಾಸವಿಲ್ಲ.

ಡೇನಿಯಲ್ ಪರಿಚಯವಾದದ್ದು ಹೇಗೆಂದು ಹೇಳಬೇಕು. ನಿಮ್ಮಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್. ಮಾಡುತ್ತಿದ್ದಾಗ ಆಟಗಾರರಿಗೆ ಪಾಠ ಹೇಳುವ ಕೆಲಸ ನನ್ನದಾಗಿತ್ತು. ನೂರಿಪ್ಪತ್ತು ಕಿಲೋ ತೂಗುವವರು ಪ್ರೊಬೆಬಿಲಿಟಿ ಎಂದ ಕೂಡಲೇ ಬಾಗಿಲಿನತ್ತ ನೋಡುತ್ತಿದ್ದರು. ಆ ಬಾಗಿಲ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಿದ್ದವರು ಡೇನಿಯಲ್. ಕಾವಲಿಗೆ ಬಂದಿದ್ದಾರೆಂದು ತಿಳಿದಿದ್ದೆ. ಒಂದು ದಿನ ನೋಡಿದರೆ ಅವರೂ ಕಾಗದ ಪೆನ್ನು ಹಿಡಿದು ಲೆಕ್ಕ ಮಾಡುತ್ತಿದ್ದಾರೆ. ‘ನನಗೆ ಬರದಿದ್ದರೆ ಅವರಿಗೆ ಬರಲೇಬೇಕೆಂದು ಯಾವ ಬಾಯಲ್ಲಿ ಹೇಳಲಿ?’ ಎಂದರು. ಇಡೀ ಸೆಮಿಸ್ಟರ್ ಒಂದು ತರಗತಿಯನ್ನೂ ತಪ್ಪಿಸಲಿಲ್ಲ. ಕೊನೆಯ ಪರೀಕ್ಷೆಯಲ್ಲಿ ಹತ್ತಕ್ಕೆ ಆರು ಕೊಟ್ಟೆ. ಆರೂವರೆ ಬರಬೇಕೆಂದು ಕಾರಿಡಾರಿನಲ್ಲಿ ಇಪ್ಪತ್ತು ನಿಮಿಷ ಜಗಳಾಡಿದರು. ಆ ವರ್ಷ ಅವರ ಗುಂಪಿನ ಒಬ್ಬ ಆಟಗಾರನೂ ಫೇಲಾಗಲಿಲ್ಲ. ನಿಮ್ಮ ನಲವತ್ತು ನಿಮಿಷದಲ್ಲಿ ಇದನ್ನು ಕೇಳುವ ಪ್ರಶ್ನೆ ಯಾವುದು?

ನಿಮ್ಮ ಹೇಳಿಕೆ ಬಂದ ಮರುದಿನ ಅವರಿಗೆ ಫೋನ್ ಮಾಡಿದೆ. ಬಿನ್ನವತ್ತಳೆ ಬರೆದವರು ಯಾರು, ಬರೆಸಿದವರು ಯಾರು ಎಂದು ನಿಮ್ಮ ಕಚೇರಿ ಅವರನ್ನು ಕೂರಿಸಿ ಕೇಳಿತ್ತಂತೆ. ಅವರು ಹೇಳಿದ್ದು ಒಂದೇ ಮಾತು: ಓದಲು ಬಾರದ ಕಾಗದವನ್ನು ಕೈಗೆ ತೆಗೆದುಕೊಂಡೆ, ತಪ್ಪು ನನ್ನದು.

“ನನ್ನ ಹೆಸರು ಹೇಳಬಹುದಿತ್ತಲ್ಲ!” ಎಂದೆ.

“ನಿನ್ನ ಕಣ್ಣು ನೋಡಿದ್ದೆ ಸಾನ್ವಿ. ನಾಲ್ಕನೇ ಕ್ವಾರ್ಟರ್‌ವರೆಗೂ ಡಿಕ್ಕಿ ಹೊಡೆದು ಬಂದ ಲೈನ್‌ಬ್ಯಾಕರ್ ಕೂಡ ಅಷ್ಟು ಸುಸ್ತಾಗಿರುವುದಿಲ್ಲ,” ಎಂದು ನಕ್ಕು, ಮಗುವಿಗೆ ಎಷ್ಟು ಹಲ್ಲು ಬಂತೆಂದು ಕೇಳಿದರು.

ಹನ್ನೆರಡು ವರ್ಷ ಕಾದು ಬಂದ ಅವಕಾಶ ನನ್ನ ಒಂದು ಸಾಲಿನಿಂದ ಜಾರುತ್ತಿರುವಾಗ ಮನುಷ್ಯ ನನ್ನ ಮಗಳ ಹಲ್ಲು ವಿಚಾರಿಸುತ್ತಾರೆ. ಸಂಯಮ ಬೇಕೆಂದಿರಿ. ಇನ್ನೆಷ್ಟು ಬೇಕು?

ಆದ್ದರಿಂದ ಕೇಳುತ್ತಿದ್ದೇನೆ. ಬಿನ್ನವತ್ತಳೆಯನ್ನು ಅವರ ಕಡತದಿಂದ ತೆಗೆಯಿರಿ. ಯಾರದಾದರೂ ಕಡತದಲ್ಲಿ ಅದು ಇರಲೇಬೇಕೆಂದರೆ ನನ್ನದೊಂದು ತೆರೆಯಿರಿ. ಶುಕ್ರವಾರದ ವಿಡಿಯೋ ಕಾಲ್ ರದ್ದು ಮಾಡಿ. ಇನ್ನೊಬ್ಬರಿಗೆ ಕೊಟ್ಟ ಇಡೀ ದಿನವನ್ನು, ಅದೇ ಕೋಣೆಯಲ್ಲಿ, ಅದೇ ಜನರ ಮುಂದೆ ಡೇನಿಯಲ್‌ಗೂ ಕೊಡಿ, ಊಟವನ್ನೂ ಸೇರಿಸಿ. ಅವರನ್ನೇ ನೇಮಿಸಿ ಎಂದು ನಾನು ಹೇಳುವುದಿಲ್ಲ. ಅವರೇನು ದೋಷವಿಲ್ಲದವರಲ್ಲ. ಕೊನೆಯ ಪಂದ್ಯದಲ್ಲಿ ಎರಡು ಟೈಮ್‌ಔಟ್ ಸುಮ್ಮನೆ ಕಳೆದು ಸೋತದ್ದಕ್ಕೆ ಸಮರ್ಥ್ ಇನ್ನೂ ಮುಖ ಊದಿಸಿಕೊಂಡಿದ್ದಾನೆ. ಅದನ್ನು ಕೇಳಿ. ಎದುರಿಗೆ ಕೂರಿಸಿಕೊಂಡು, ಬೆವರುವ ಹಾಗೆ ಕೇಳಿ. ಉತ್ತರ ಸಾಲದಿದ್ದರೆ ಬೇಡವೆನ್ನಿ; ಕರೀಂ ಕೂಗಾಡುತ್ತಾರೆ, ನಾನು ತಲೆಬಾಗುತ್ತೇನೆ. ಆದರೆ ಅವರು ಸೋಲುವುದಾದರೆ ಫುಟ್‌ಬಾಲ್‌ನಲ್ಲಿ ಸೋಲಲಿ, ಮಾನ್ಯರೇ. ನನ್ನ ಕನ್ನಡದಿಂದ ಬೇಡ.

ಇಂತಿ,
ತಪ್ಪು ಮಾಡುವಾಗ ಕೈಯಲ್ಲಿ ಮಗುವಿತ್ತೆಂದು ರಿಯಾಯಿತಿ ಕೇಳಬಾರದೆಂದು ತಿಳಿದೂ ಕೇಳುತ್ತಿರುವ, ನಿಮ್ಮದೇ ಹಳೆಯ ವಿದ್ಯಾರ್ಥಿನಿ,
ಸಾನ್ವಿ
ಸಮರ್‌ಸೆಟ್, ನ್ಯೂ ಜೆರ್ಸಿ