ಫೆಬ್ರವರಿ 29ರ ಪುಣ್ಯಾತ್ಮ

ಮಿಲ್ವಾಕಿ
14 ಅಕ್ಟೋಬರ್ 2024

ನನ್ನ ಮುದ್ದು ರೊಸಾಲಿ ಅಕ್ಕಾ,

ಬೈಯಬೇಡ! ಮದುವೆಯಾಗಿ ಐದು ವಾರವಾದರೂ ನೀನು ಕೊಟ್ಟ ವಾಫಲ್ ಯಂತ್ರಕ್ಕೆ ಥ್ಯಾಂಕ್ಸ್ ಕಾರ್ಡು ಬಂದಿಲ್ಲವೆಂದು ಅಮ್ಮನ ಹತ್ತಿರ ದೂರಿದೆಯಂತೆ. ಈ ಪತ್ರವೇ ಆ ಕಾರ್ಡು. ಯಂತ್ರ ಅದ್ಭುತ, ಗಂಡ ಅದಕ್ಕಿಂತ ಅದ್ಭುತ! ಡೆಸ್ಮಂಡ್ ನಿದ್ದೆಯಲ್ಲೂ ನಗುತ್ತಾನೆ, ಗೊತ್ತಾ?

ಈಗ ದೊಡ್ಡ ಸುದ್ದಿ. ಶನಿವಾರ ಪ್ರೋಗ್ರಾಮರುಗಳ ಸಮ್ಮೇಳನದಲ್ಲಿ ನಾನು ಭಾಷಣ ಮಾಡಿದೆ! ಶಾಲೆಯ ನಾಟಕದಲ್ಲಿ ಮರದ ಪಾತ್ರ ಸಿಕ್ಕಿದರೂ ಅತ್ತವಳು ನಾನು. ಸಣ್ಣ ಊರುಗಳ ಗ್ರಂಥಾಲಯಗಳಿಗೆ ನಾವೆಲ್ಲ ಬಿಡುವಿನಲ್ಲಿ ಬರೆದು ಪುಕ್ಕಟೆ ಕೊಡುವ ತಂತ್ರಾಂಶವಿದೆಯಲ್ಲ, ಹತ್ತು ವರ್ಷದಿಂದ ಅದರ ಹೊಣೆ ಡೆಸ್‌ನದು. ಅವನು ಒಪ್ಪಿದ ಕೋಡಿನ ಸಾಲಷ್ಟೇ ಒಳಗೆ ಸೇರುತ್ತಿತ್ತು. ಕಳೆದ ಫೆಬ್ರವರಿ 29ರಂದು ಅದರಲ್ಲಿನ ಒಂದೇ ಒಂದು ತಪ್ಪು ಸಾಲು ನಲವತ್ತು ಊರುಗಳಲ್ಲಿ ವಾಪಸು ಬಂದ ಪುಸ್ತಕಗಳನ್ನೆಲ್ಲ ಬಂದಿಲ್ಲವೆಂದು ತೋರಿಸಿತು. ಅದನ್ನು ಪತ್ತೆ ಹಚ್ಚಿದ್ದು ನಾನು. ಭಾಷಣವೂ ಅದರ ಬಗ್ಗೆಯೇ.

"ಸಾಲು ತೋರ್ಸು, ಬರೆದವ್ರ ಹೆಸರು ಮಾತ್ರ ಎತ್ಬೇಡ ಕಣೇ," ಎಂದು ಡೆಸ್ ಬೆಳಿಗ್ಗೆ ಎರಡು ಸಲ ಹೇಳಿದ್ದ. ನಮ್ಮವರ ರೂಢಿಯೇ ಅದು, ತಪ್ಪನ್ನು ತೋರಿಸಬಹುದು, ಮನುಷ್ಯರನ್ನಲ್ಲ. "ಗೊತ್ತು ಮಾರಾಯಾ," ಎಂದಿದ್ದೆ.

ಮುನ್ನೂರು ಜನ, ಅಕ್ಕಾ! ಮೊದಲ ಎರಡು ವಾಕ್ಯ ಚೀಟಿ ನೋಡಿಯೇ ಓದಿದೆ. ಆದರೆ ಮೊದಲ ತಮಾಷೆಗೆ ನಕ್ಕರು ನೋಡು, ನನ್ನ ತಲೆ ತಿರುಗಿತು. ತೆರೆಯ ಮೇಲೆ ಆ ಸಾಲು ಬಂದದ್ದೇ ಹಿಂದಿನಿಂದ ಯಾರೋ ಕೂಗಿದರು: "ಯಾರ್ರೀ ಬರ್ದಿದ್ದು ಅದನ್ನ?"

"ಆ ಪುಣ್ಯಾತ್ಮ ಯಾರು ಅಂತ ನೋಡೇ ಬಿಡೋಣ ಬನ್ನಿ!" ಎಂದು ಕೀಲಿ ಒತ್ತಿಬಿಟ್ಟೆ. ಯಾವ ಸಾಲನ್ನು ಯಾರು, ಯಾವತ್ತು ಸೇರಿಸಿದರೆಂಬುದು ಅದರ ಪಕ್ಕದಲ್ಲೇ ದಾಖಲಾಗಿರುತ್ತದೆ.

ಡೆಸ್ಮಂಡ್ ಹಾಲೊರನ್. ಗೇಣುದ್ದದ ಅಕ್ಷರಗಳಲ್ಲಿ.

ಮೊದಲ ಸಾಲಿನಲ್ಲಿ ಕೂತಿದ್ದ ಅವನ ಕಿವಿ ಕೆಂಪಾದದ್ದು ನನಗೆ ಕಂಡಿತು. ಆಮೇಲೆ ಎದ್ದು ನಿಂತು ನಾಟಕದ ರಾಜನ ಹಾಗೆ ಬಾಗಿದ. "ನಾನೇ ಆ ಪುಣ್ಯಾತ್ಮ! ಇಂಥವನನ್ನ ಕಟ್ಕೊಂಡಿದ್ದಾಳಲ್ಲ, ಅವಳ ತಾಳ್ಮೆಗಾದ್ರೂ ಚಪ್ಪಾಳೆ ಹೊಡೀರಪ್ಪಾ!"

ಛಾವಣಿ ಹಾರುವಂಥ ನಗು! ಸಮ್ಮೇಳನ ನಡೆಸುವ ಲೋರ್ನಾ, "ಇನ್ಮೇಲೆ ನೀನು ಸೇರ್ಸೋದನ್ನ ಇನ್ನೊಬ್ರು ನೋಡ್ಲೇಬೇಕು ಬಿಡು," ಎಂದು ಅವನಿಗೆ ಹೇಳಿದಳು. ತಮಾಷೆಗೇ ಅಂದದ್ದು. ಭಾನುವಾರದ ಸಭೆಯಲ್ಲಿ ಅದೇ ನಿಯಮವಾಯಿತು. ಡೆಸ್ ಕೂಡ ಕೈ ಎತ್ತಿದ. ನನ್ನ ಭಾಷಣವನ್ನಂತೂ ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಮುಂದಿನ ವರ್ಷ ಉದ್ಘಾಟನೆಯ ಭಾಷಣಕ್ಕೇ ಕರೆದಿದ್ದಾರೆ!

ಮಕ್ಕಳಿಗೆ ನನ್ನ ಮುತ್ತು. ದೇವರು ನಿಮ್ಮನ್ನೆಲ್ಲ ತಣ್ಣಗಿಟ್ಟಿರಲಿ.

ನಿನ್ನ ಹುಚ್ಚು ತಂಗಿ,
ಟಿಲ್ಡಾ

ಮರೆತ ಮಾತು: ಮರೆತದ್ದಲ್ಲ ಅಕ್ಕಾ. ಹೆಸರಿನ ಪಕ್ಕ ತಾರೀಖೂ ಇತ್ತು, 2020ರ ಮಾರ್ಚ್ 6. ಆಗ ನಾನು ಹೊಸಬಳು, ನನ್ನ ಹೆಸರಲ್ಲಿ ಏನನ್ನೂ ಕಳಿಸಲು ಹೆದರುತ್ತಿದ್ದೆ. ನಾನು ಬರೆದ ಮೊದಲ ಸಾಲನ್ನು ಡೆಸ್‌ಗೆ ಕೊಟ್ಟು, "ನಿಮ್ದೇ ಅಂತ ಹಾಕ್ಬಿಡಿ, ಪ್ಲೀಸ್," ಎಂದು ಬೇಡಿಕೊಂಡಿದ್ದೆ. ಅವನಿಗದು ನೆನಪಿತ್ತು. ನನಗೆ ನೆನಪಾದದ್ದು ವೇದಿಕೆಯ ಮೇಲೆ, ತಾರೀಖು ನೋಡಿದಾಗ. ಮೈಕು ನನ್ನ ಕೈಯಲ್ಲೇ ಇತ್ತು, ಇನ್ನೂ ಐದು ನಿಮಿಷ ಉಳಿದಿತ್ತು. ನಾನು ಎಲ್ಲರ ಜೊತೆ ನಕ್ಕು ಮುಂದಿನ ಸ್ಲೈಡಿಗೆ ಹೋದೆ.

ಅದು ನಾನು ಬರೆದ ಸಾಲೆಂದು ಅವನು ಯಾರಿಗೂ ಹೇಳಿಲ್ಲ, ನನಗೂ. ಅವನ ಬ್ಯಾಡ್ಜಿನ ಮೇಲೆ ಯಾರೋ 'ಫೆಬ್ರವರಿ 29ರ ಪುಣ್ಯಾತ್ಮ' ಎಂದು ಗೀಚಿದ್ದರು. ಅದನ್ನು ತಂದು ನಮ್ಮ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾನೆ. ಹಾಲು ತೆಗೆಯುವಾಗಲೆಲ್ಲ ಓದುತ್ತೇನೆ.