ಟ್ರ್ಯಾಕಿನ ಕೆಟ್ಟ ಚಿಕ್ಕಮ್ಮ

ವಿಸ್ಕಾನ್ಸಿನ್
ಜುಲೈ ೧೭, ಬುಧವಾರ

ಜೋನೆಲ್ ಅಕ್ಕಾ,

ನೀನು ಫೋನ್ ಎತ್ತದಿದ್ದರೇನಂತೆ, ಅಂಚೆಯವನನ್ನು ಬಾಗಿಲಲ್ಲಿ ತಡೆಯಲಾರೆಯಲ್ಲ. ಹೌದು, ನಿನ್ನ ಮಗಳ ಕಾರಿಗೆ ನಾನು ಬೇಕೆಂದೇ ಗುದ್ದಿದೆ. ಟೈರು ಜಾರಿತು ಎಂದು ಸುಳ್ಳು ಹೇಳುವುದಿಲ್ಲ. ಗ್ಯಾಲರಿಯಲ್ಲಿ ಕೂತು ನೀನೇ ನೋಡಿದ್ದೀಯ.

ಆದರೆ ಅದಕ್ಕೆ ಮೊದಲು ಏನಾಯಿತೆಂದು ನಿನಗೆ ಗೊತ್ತಿಲ್ಲ. ನಿನ್ನ ಬ್ರಿನ್ ಓಡಿಸಲು ಬರುವ ಮೊದಲು ನಮ್ಮ ಪುಟ್ಟ ರೇಸ್ ಟ್ರ್ಯಾಕಿನ ಗ್ಯಾಲರಿ ಹೇಗಿತ್ತು, ನೆನಪಿದೆಯಾ? ಮನೆಯಿಂದ ದಿಂಬು ತಂದು ಕೂರುವ ಮುದುಕರು, ಕಿವಿಗೆ ಯಂತ್ರ ಹಾಕಿಕೊಂಡ ಅವರ ಹೆಂಡತಿಯರು. ಟ್ರ್ಯಾಕಿನ ಮಾಲೀಕ ಗಾರ್ಡಿ ನನ್ನೆದುರು ಗೋಳಾಡುತ್ತಿದ್ದ. "ಇವ್ರೆಲ್ಲ ಹೋದ್ಮೇಲೆ ಟಿಕೆಟ್ ಯಾರಿಗೆ ಮಾರ್ಲಿ ಡಾರ್ಲಾ, ಸ್ಮಶಾನಕ್ಕಾ?"

ಆಮೇಲೆ ನಿನ್ನ ಮಗಳು ಕಾರಿನೊಳಗೆ ಫೋನ್ ಸಿಕ್ಕಿಸಿಕೊಂಡು, ಓಡಿಸುತ್ತಲೇ ಕಿರುಚಿ ನಗುವ ವಿಡಿಯೊ ಹಾಕಿದಳು. ಊರಿನ ಮಕ್ಕಳೆಲ್ಲ ಬಂದರು. ಓಟಕ್ಕೆ ಮುಂಚೆ ಕಾರುಗಳನ್ನು ಸಾಲಾಗಿ ನಿಲ್ಲಿಸಿ ಮಕ್ಕಳನ್ನು ನೋಡಲು ಟ್ರ್ಯಾಕಿನೊಳಗೆ ಬಿಟ್ಟರೆ, ಅವಳ ಕಾರಿನ ಮುಂದಿನ ಸಾಲು ಬ್ರಾಟ್‌ವರ್ಸ್ಟ್ ಸಾಸೇಜ್ ಸುಡುವ ಅಂಗಡಿ ಮುಟ್ಟುತ್ತಿತ್ತು. ನನ್ನ ಕಾರಿನ ಹತ್ತಿರ ಯಾರೂ ಇಲ್ಲ. ಒಂದು ಬಟ್ಟಲಲ್ಲಿ ಮಿಠಾಯಿ ಇಟ್ಟೆ. ಮಿಠಾಯಿ ಎತ್ತಿಕೊಂಡು ಮತ್ತೆ ಅವಳ ಸಾಲಿಗೇ ಓಡಿದವು. ಎಷ್ಟು ಸಲ ಚಾಂಪಿಯನ್ ಆದವಳು ನಾನು! ಅವಳಿಗೆ ಗೇರ್ ಹಾಕಲು ಕಲಿಸಿದವಳೂ ನಾನೇ.

ನಾನು ಗುದ್ದಿದ ಆ ಶನಿವಾರ, ಓಟಕ್ಕೆ ಮುಂಚೆ ಒಬ್ಬ ಹುಡುಗ ಬಂದು ಕೇಳಿದ, "ಆಂಟಿ, ನೀವು ಬ್ರಿನ್ ಅವರ ಮೆಕ್ಯಾನಿಕ್ಕಾ?" ನನ್ನ ಮೈಮೇಲೆ ರೇಸಿನ ಉಡುಪು, ಎದೆಯ ಮೇಲೆ ನನ್ನ ಹೆಸರು. ಹೊಟ್ಟೆಕಿಚ್ಚೇ ಅಕ್ಕಾ, ಬೇರೇನಲ್ಲ. ಕೊನೆಯ ಸುತ್ತುಗಳಲ್ಲಿ ಬ್ರಿನ್ ಮುಂದಿದ್ದಳು. ತಿರುವಿನಲ್ಲಿ ನನ್ನ ಬಂಪರನ್ನು ಅವಳ ಕಾರಿಗೆ ತಾಗಿಸಿದೆ. ಅವಳ ಕಾರು ಗಿರ್ರನೆ ತಿರುಗಿ ಗೋಡೆಗೆ ಬಡಿಯಿತು. ಅವಳು ಕಿಟಕಿಯಿಂದ ಇಳಿದು ಕೈಯೆತ್ತುವ ತನಕ ನನಗೆ ಉಸಿರೇ ಬರಲಿಲ್ಲ. ಇದನ್ನು ನೀನು ನಂಬಬೇಕು.

ಗೆದ್ದವರ ಜಾಗದಲ್ಲಿ ನಿಂತೆ. ಮಕ್ಕಳೆಲ್ಲ ಒಟ್ಟಿಗೆ 'ಬೂ' ಎಂದು ಕೂಗಿ ಹೀಯಾಳಿಸಿದರು. ಯಾರದೋ ನಿಂಬೆ ಪಾನಕ ಹಾರಿ ಬಂದು ನನ್ನ ಹೆಗಲಿಗೆ ಬಿತ್ತು. ನೀನು ಹಿಂತಿರುಗಿಯೂ ನೋಡದೆ ಹೊರಟುಹೋದೆ.

ಮುಂದಿನ ಶನಿವಾರ ಮೈಕಿನಲ್ಲಿ ಕ್ಷಮೆ ಕೇಳೋಣವೆಂದು ಹೋದರೆ, ಗಾರ್ಡಿ ಓಡಿ ಬಂದ. ಬಾಗಿಲಾಚೆ ಮಕ್ಕಳ ಜಾತ್ರೆ! ರಟ್ಟಿನ ಮೇಲೆ 'ಡಾರ್ಲಾ, ಮನೆಗೆ ಹೋಗು' ಎಂದು ಬರೆದು ತಂದಿದ್ದರು. ಗಾರ್ಡಿಗೆ ನಗು ತಡೆಯಲಾಗುತ್ತಿರಲಿಲ್ಲ. "ನಿನ್ನ ಬೈಯೋಕೆ ಅಪ್ಪಂದಿರನ್ನೂ ಎಳ್ಕೊಂಡು ಬಂದಿದಾವೆ ಕಣೇ!"

ಅಷ್ಟರಲ್ಲಿ ಬ್ರಿನ್ ಬಂದಳು. ನಾನು ತಪ್ಪಾಯಿತು ಎಂದೆ. ಅವಳು ಮುಖ ಗಂಟು ಹಾಕಿಕೊಂಡೇ ಹೇಳಿದಳು, "ನಂಗಿನ್ನೂ ಸಿಟ್ಟಿದೆ ಚಿಕ್ಕಮ್ಮಾ. ಅದು ಬೇರೆ. ಆದ್ರೆ ಮೈಕಲ್ಲಿ ಕ್ಷಮೆ ಕೇಳ್ಬೇಡ. ಮಕ್ಳು ನಿನ್ನ ನೋಡೋಕೇ ಬಂದಿರೋದು."

"ನನ್ನಾ?"

"ನೀನು ಸೋಲೋದನ್ನ."

"ನಾನೇನು ಬಿಟ್ಟುಕೊಡ್ತೀನಾ?"

"ಬಿಟ್ಟುಕೊಟ್ರೆ ನಿನ್ನ ಹತ್ರ ಮಾತೇ ಆಡಲ್ಲ."

ಬಿಟ್ಟುಕೊಡಲಿಲ್ಲ ಅಕ್ಕಾ. ಕೊನೆಯ ಸುತ್ತಿನಲ್ಲಿ ಬ್ರಿನ್ ಆ ಸೊಟ್ಟಗಾದ ಕಾರಿನಲ್ಲೇ ಹೊರಬದಿಯಿಂದ ಬಂದು, ಕೂದಲೆಳೆಯಷ್ಟೂ ನನ್ನನ್ನು ತಾಗದೆ ದಾಟಿಹೋದಳು. ಇಡೀ ಗ್ಯಾಲರಿ ಎದ್ದು ನಿಂತಿತು. ಅಷ್ಟು ಚೆಂದವಾಗಿ ನನ್ನನ್ನು ಈವರೆಗೆ ಯಾರೂ ದಾಟಿರಲಿಲ್ಲ. ಅದಕ್ಕೂ ಹೊಟ್ಟೆ ಉರಿಯಿತು.

ಓಟ ಮುಗಿದ ಮೇಲೆ ಮುಂದಿನ ಹಲ್ಲು ಬಿದ್ದ ಒಂದು ಪುಟ್ಟ ಹುಡುಗಿ ಬಂದಳು. "ಅಣ್ಣ ಬೈದ ಅಂತ ನಾನೂ ಬೈದೆ. ನಿಮ್ಮ ಕಾರಲ್ಲಿ ಕೂರ್ಲಾ?" ಅಂತೂ ನನಗೂ ಒಂದು ಮಗು ಸಿಕ್ಕಿತು ಎಂದುಕೊಂಡೆ; ರೇಸ್ ಕಾರಿಗೆ ಬಾಗಿಲೆಲ್ಲಿದೆ, ಎತ್ತಿ ಕಿಟಕಿಯಿಂದಲೇ ಒಳಗೆ ಕೂರಿಸಿದೆ. ಸ್ಟೀರಿಂಗ್ ಹಿಡಿದುಕೊಂಡು ಅವಳು ಹೇಳಿದ್ದೇನು ಗೊತ್ತಾ? "ಬ್ರಿನ್ ಅಕ್ಕನ ಸಾಲು ತುಂಬಾ ಉದ್ದ ಇದೆ. ಅದಕ್ಕೇ ಇಲ್ಲಿಗೆ ಬಂದೆ."

ಆದರೂ ಅವಳು ಇಳಿಯಲಿಲ್ಲ. ಅಮ್ಮ ಬಂದು ಕರೆಯುವವರೆಗೂ ಬಾಯಲ್ಲೇ ಎಂಜಿನ್ ಸದ್ದು ಮಾಡುತ್ತ ಕೂತಿದ್ದಳು. ನಾನು ಪಕ್ಕದಲ್ಲಿ ನಿಂತು ತಿರುವುಗಳನ್ನು ಹೇಳಿಕೊಡುತ್ತಿದ್ದೆ.

ಬ್ರಿನ್‌ಳ ಕಾರಿನ ಸೊಟ್ಟಗಾದ ಭಾಗವನ್ನು ನನ್ನ ಶೆಡ್ಡಿನಲ್ಲೇ ಸರಿಮಾಡುತ್ತಿದ್ದೇವೆ. ಅವಳು ಮಾತು ಕಡಿಮೆ ಮಾಡಿದ್ದಾಳೆ, ಊಟ ಮಾತ್ರ ಚೆನ್ನಾಗಿ ಮಾಡುತ್ತಾಳೆ.

ನಿನ್ನ ತಂಗಿ,
ಡಾರ್ಲಾ

ಮರೆತಿದ್ದೆ: ಕ್ಷಮಿಸುವುದು ನಿಧಾನವಾಗಲಿ, ಈ ಶನಿವಾರ ಮಾತ್ರ ಬಾ. ಮಕ್ಕಳೆಲ್ಲ ಬ್ರಿನ್ ಕಡೆ ಹೋದರೆಂದು ಹೊಟ್ಟೆಕಿಚ್ಚು ಎಂದೆನಲ್ಲ, ಅದು ಅರ್ಧ ನಿಜ. ಬ್ರಿನ್ ಓಡಿಸಲು ಶುರುಮಾಡಿದ ಮೇಲೆ ನೀನು ಒಂದು ಸಲವೂ ನನ್ನ ಹೆಸರು ಹಿಡಿದು ಕೂಗಿಲ್ಲ. ಗದ್ದಲದಲ್ಲಿ ನನಗೆ ತಿಳಿಯುವುದಿಲ್ಲ ಎಂದುಕೊಂಡಿದ್ದೀಯ. ಎಂಜಿನ್ ಚಾಲೂ ಮಾಡುವ ಮುಂಚೆ, ಹೆಲ್ಮೆಟ್ ಕೈಯಲ್ಲಿ ಹಿಡಿದಿರುವಾಗ, ಎಲ್ಲವೂ ಕೇಳಿಸುತ್ತದೆ. ಬೇಕಾದರೆ ನೀನೂ 'ಬೂ' ಎನ್ನು. ಡಾರ್ಲಾ ಎಂದು ಸೇರಿಸಿ ಕೂಗು, ಸಾಕು.